ಅನುಮಾನ ಪಡುವ ನೌಕರಿ

ನಮ್ಮ ಚಿಕ್ಕಪ್ಪನಿಗೆ ಸಂಬಳ ಸಿಗುತ್ತಿದ್ದದ್ದು ಅನುಮಾನ ಪಡುವುದಕ್ಕೆ! ನಗಬೇಡಿ. ಪೊಲೀಸರಿಗೂ ಅದಕ್ಕೇ ತಾನೆ ಕೊಡುವುದು? ಪೊಲೀಸರು ಮನುಷ್ಯರ ಮೇಲೆ ಅನುಮಾನ ಪಡುತ್ತಾರೆ, ಚಿಕ್ಕಪ್ಪ ಪುಸ್ತಕಗಳ ಮೇಲೆ ಪಡುತ್ತಿದ್ದರು. ಅಷ್ಟೇ ವ್ಯತ್ಯಾಸ.

ಅವರು ಬಯಲುಸೀಮೆಯ ಒಂದು ವಿಶ್ವವಿದ್ಯಾಲಯದ ಪುಸ್ತಕ ಭಂಡಾರದಲ್ಲಿದ್ದರು. ಅಲ್ಲಿ ಒಂದೊಂದು ವಿಷಯಕ್ಕೆ ಒಬ್ಬೊಬ್ಬ ಬಲ್ಲವರು. ಕಾನೂನಿಗೆ ಒಬ್ಬರು, ವೈದ್ಯ ಮತ್ತು ಬೇಸಾಯಕ್ಕೆ ಒಬ್ಬರು, ಸಾಹಿತ್ಯಕ್ಕೆ ನಮ್ಮ ಚಿಕ್ಕಪ್ಪ. ಅಚ್ಚಾದ ಪುಸ್ತಕವಿರಲಿ, ಹಳ್ಳಿಯಿಂದ ಬಂದ ತಾಳೆಗರಿಯ ಕಟ್ಟಿರಲಿ, ಅದು ಸಾಹಿತ್ಯ ಹೌದೋ ಅಲ್ಲವೋ ಎಂದು ಓದಿ ನೋಡಿ, ಅಂಗೈಯಗಲದ ಚೀಟಿಯಲ್ಲಿ ಬರೆದು ಕಪಾಟಿಗೆ ಸೇರಿಸುವುದು ಅವರ ಕೆಲಸ. ಕೆಲಸವನ್ನು ಕಚೇರಿಯಲ್ಲೇ ಬಿಟ್ಟು ಬರುವ ಜಾಯಮಾನ ಅವರದಲ್ಲ. ಜೇಬಿನಲ್ಲಿ ಯಾವಾಗಲೂ ಖಾಲಿ ಚೀಟಿಗಳು ಇರುತ್ತಿದ್ದವು. ತಮ್ಮ ಮದುವೆಯ ಲಗ್ನಪತ್ರಿಕೆಯನ್ನೇ ಎರಡು ಸಲ ಓದಿ, "ಹೊಗಳಿಕೆ ಜಾಸ್ತಿ, ವಿಷಯ ಕಡಿಮೆ. ಸಾಹಿತ್ಯ ಅಲ್ಲ" ಎಂದು ಹೆಣ್ಣಿನ ಅಪ್ಪನ ಎದುರಿಗೇ ತೀರ್ಪು ಕೊಟ್ಟವರು! ಚಿಕ್ಕಮ್ಮ ಅದನ್ನು ಇವತ್ತಿಗೂ ಮರೆತಿಲ್ಲ.

ನಾನಾಗ ಮಲೆನಾಡಿನ ಜಾವಳಿಯ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ಲೆಕ್ಕಪತ್ರ ಬರೆಯುವ ರೈಟರ್. ಪ್ರತಿ ಬೇಸಿಗೆಯಲ್ಲೂ ಚಿಕ್ಕಪ್ಪ ತಾಳೆಗರಿ ಹುಡುಕುವ ನೆಪದಲ್ಲಿ ನಮ್ಮ ಮನೆಗೆ ಬಂದು ಇಳಿಯುತ್ತಿದ್ದರು. ಬಂದವರು ಸುಮ್ಮನೆ ಕಾಫಿ ಕುಡಿದುಕೊಂಡು ಕೂರಬಾರದೇ? ಮೇಜಿನ ಮೇಲಿದ್ದ ಕಾಗದಗಳಿಗೆ ಕೈ ಹಾಕುತ್ತಿದ್ದರು. ಒಮ್ಮೆ ಎಸ್ಟೇಟಿನ ದೊರೆ ನನಗೆ ಬರೆದ ಬೈಗುಳದ ಪತ್ರ ಸಿಕ್ಕಿತು. ನನ್ನ ಮಾನ ಹೋಯಿತೆಂದುಕೊಂಡೆ. ಚಿಕ್ಕಪ್ಪ ಕನ್ನಡಕ ಸರಿಮಾಡಿಕೊಂಡು, "ಸಿಟ್ಟು ಇದೆ, ಕಾರಣ ಇಲ್ಲ. ಸಾಹಿತ್ಯ ಅಲ್ಲ" ಎಂದು ಪಕ್ಕಕ್ಕಿಟ್ಟರು. ಅದರ ಕೆಳಗೆ ನಮ್ಮ ಮೇಸ್ತ್ರಿಯ ರಜಾ ಅರ್ಜಿ ಇತ್ತು. ಅಜ್ಜಿ ತೀರಿಕೊಂಡಳು, ಕೊನೆ ಉಸಿರಿನಲ್ಲಿ ತನ್ನನ್ನೇ ಕರೆದಳು, ಗಾಳಿಯಿಲ್ಲದೆಯೂ ದೇವರ ಮುಂದಿನ ದೀಪ ಆರಿತು ಎಂದೆಲ್ಲ ಬರೆದಿದ್ದ.

"ಈ ವರ್ಷಕ್ಕೆ ಇದು ಮೂರನೇ ಅಜ್ಜಿ, ಚಿಕ್ಕಪ್ಪ" ಎಂದೆ.

ಅವರು ಕಣ್ಣೊರೆಸಿಕೊಳ್ಳುತ್ತಿದ್ದರು. "ಇರ್ಲಿ ಮಾರಾಯ. ಇದು ಕಥಾಸಾಹಿತ್ಯ. ನೀನು ರಜೆ ಕೊಡ್ಸು!"

ನನ್ನ ಹೆಂಡತಿಯ ಪಾಡು ಇನ್ನೂ ಕಷ್ಟ. ಕಣದಲ್ಲಿ ಒಣಗಲು ಹರಡಿದ್ದ ಭತ್ತಕ್ಕೆ ಕೋಳಿ ಬಾಯಿ ಹಾಕಿದರೆ ಅವಳು ಒಳಗಿನಿಂದಲೇ, "ನಿನ್ನ ಕುಲ ಎಲ್ಲ ಸಾರಾಗ! ನಿನ್ನ ರೆಕ್ಕೆ ಬೆಕ್ಕಿನ ಹಾಸಿಗೆಯಾಗ!" ಎಂದು ಕೂಗುತ್ತಿದ್ದಳು. ಒಂದು ಸಲ ಚಿಕ್ಕಪ್ಪ ಚೀಟಿ ಹಿಡಿದುಕೊಂಡು ಓಡಿಹೋಗಿ, "ಅಮ್ಮಾ, ಇನ್ನೊಂದ್ಸಲ ಬೈತೀಯಾ? ಸ್ವಲ್ಪ ನಿಧಾನಕ್ಕೆ" ಎಂದು ಕೇಳಿದರು. ನಾಚಿಕೆಯಿಂದ ಅವಳು ಬೈಯುವುದನ್ನೇ ಬಿಟ್ಟಳು. ಅವರು ಊರಿಗೆ ಹೋಗುವವರೆಗೆ ನಮ್ಮ ಮನೆಯ ಕೋಳಿಗಳು ಹೇಳುವವರು ಕೇಳುವವರಿಲ್ಲದೆ ಭತ್ತ ತಿಂದು ದಪ್ಪಗಾದವು.

ಒಂದು ದಿನ ನಾನೇ ಕೇಳಿದೆ. "ಚಿಕ್ಕಪ್ಪ, ಒಂದು ಬರಹ ಸಾಹಿತ್ಯವೋ ಅಲ್ಲವೋ ಅಂತ ನಿಮಗೆ ಹ್ಯಾಗೆ ಗೊತ್ತಾಗ್ತದೆ?"

"ಗೊತ್ತಾಗಲ್ಲ. ಅದಕ್ಕೇ ಸಂಬಳ ಕೊಡೋದು" ಎಂದರು. ತಮಾಷೆ ಎಂದುಕೊಂಡು ನಕ್ಕೆ. ಅವರು ನಗಲಿಲ್ಲ. ಎಷ್ಟೋ ಕಟ್ಟುಗಳನ್ನು ಅಲ್ಲ ಎಂದು ಬರೆದು ಹಿಂದಕ್ಕೆ ಕಳಿಸಿದ್ದರಂತೆ. ಅವು ಈಗ ಎಲ್ಲಿ, ಹೇಗಿವೆಯೋ ಎಂಬ ಯೋಚನೆ ಅವರನ್ನು ಬಿಟ್ಟಿರಲಿಲ್ಲ ಎಂದು ನನಗೆ ಆಗ ತಿಳಿಯಿತು. ಹೊರಗಿನಿಂದ ನೋಡುವವರಿಗೆ ಹುಚ್ಚು, ಒಳಗೆ ಅದು ಬೇರೆಯೇ ಸಂಕಟ.

ಯುದ್ಧದ ಕಾಲದ ಒಂದು ಬೇಸಿಗೆಯಲ್ಲಿ ಅವರು ಬಂದಾಗ ಮುಖ ಸಪ್ಪಗಿತ್ತು. ಭಂಡಾರದಲ್ಲಿ ಜಾಗವಿಲ್ಲ, ಇನ್ನು ಮೇಲೆ ತಾಳೆಗರಿಗಳಲ್ಲಿ ಸಾಹಿತ್ಯವನ್ನು ಮಾತ್ರ ತೆಗೆದುಕೊಳ್ಳತಕ್ಕದ್ದು ಎಂದು ಮೇಲಿನವರ ಹುಕುಂ ಆಗಿತ್ತು. ವೈದ್ಯ, ಬೇಸಾಯದ ವಿಭಾಗದವರು ಅಚ್ಚಿನ ಪುಸ್ತಕ ಬಿಟ್ಟು ಬೇರೆ ಏನನ್ನೂ ಮುಟ್ಟುತ್ತಿರಲಿಲ್ಲ. ಅಂದರೆ ಚಿಕ್ಕಪ್ಪ ಅಲ್ಲ ಎಂದರೆ ಆ ಗರಿ ಗೆದ್ದಲಿನ ಪಾಲು. ಅದೇ ವಾರ ಕಳಸದ ಆಚೆಯ ಸಂಸೆಯ ಒಂದು ಮನೆಯಲ್ಲಿ ಹಳೆಯ ಕಟ್ಟೊಂದು ಇದೆಯೆಂದು ಸುದ್ದಿ ಬಂತು. ಹೊರಟೆವು.

ಪೆಟ್ರೋಲು ಸಿಗದ ಕಾಲ, ಇದ್ದಿಲಿನ ಹೊಗೆಯಲ್ಲಿ ಓಡುವ ಬಸ್ಸು. ಅದರಲ್ಲಿ ಕಳಸಕ್ಕೆ ಹೋದೆವು ಎನ್ನುವುದಕ್ಕಿಂತ ಅದನ್ನು ನಾವು ಕಳಸಕ್ಕೆ ಮುಟ್ಟಿಸಿದೆವು ಎನ್ನುವುದು ಸರಿ! ಏರು ಬಂದಲ್ಲೆಲ್ಲ ಇಳಿದು ತಳ್ಳಿದೆವು. ಅಲ್ಲಿಂದ ಮುಂದೆ ಎತ್ತಿನ ಗಾಡಿ. ಆ ಮನೆಯ ಹಿರಿಯಮ್ಮ ಅಂಗಳದಲ್ಲಿ ಕಾಳುಮೆಣಸು ಒಣಗಿಸುತ್ತಿದ್ದರು. ಎಪ್ಪತ್ತು ದಾಟಿದ ಜೀವ. ಕಟ್ಟನ್ನು ಬಿಚ್ಚಿ ನೋಡಬಹುದೇ ಎಂದು ಚಿಕ್ಕಪ್ಪ ಅವರನ್ನು ಕೇಳಿದರು.

"ಬಿಚ್ಚೂದಾ? ಎಂತ ಮಾತು ಅಂತ ಆಡ್ತೀರಿ ಮಾರಾಯ್ರೆ! ಯಾರೂ ಮುಟ್ಟಬೇಡಿ ಅಂತ ನಮ್ಮ ಮಾವನೋರು ಹೇಳಿ ಹೋಗಿದಾರೆ. ಅವ್ರು ಇದ್ದಾಗ ಎದುರಿಗೆ ನಿಲ್ಲಾಕೆ ಹೆದರ್ತಿದ್ದೆ. ಈಗ ಅವ್ರ ಗರಿ ಮುಟ್ತೀನಾ?"

ಆ ಮನೆಯಲ್ಲಿ ಕಟ್ಟನ್ನು ಕೆಂಪು ಬಟ್ಟೆಯಲ್ಲಿ ಸುತ್ತಿ ದೇವರ ಹತ್ತಿರ ಇಟ್ಟಿದ್ದರು. ಪ್ರತಿ ನವರಾತ್ರಿಗೂ ಹೂವು, ಅರಿಸಿನ, ಕುಂಕುಮ. ಜೊತೆಗೆ ನೈವೇದ್ಯಕ್ಕೆಂದು ಒಂದು ಚೂರು ಬೆಲ್ಲವನ್ನು ಬಟ್ಟೆಯ ಮಡಿಕೆಯೊಳಗೇ ಸಿಕ್ಕಿಸುವುದು! ಭಕ್ತಿಯೇನೋ ಸರಿ. ಆದರೆ ಬಟ್ಟೆಯ ಒಂದು ಮೂಲೆಯಿಂದ ಇರುವೆಗಳು ಸಾಲಾಗಿ ಒಳಗೆ ಹೋಗಿ ಇನ್ನೊಂದು ಮೂಲೆಯಿಂದ ಹೊರಬರುತ್ತಿದ್ದವು.

"ಅಮ್ಮಾ, ನಮಗಿಂತ ಮೊದಲೇ ಇವು ಓದ್ತಾ ಇದಾವೆ" ಎಂದು ಚಿಕ್ಕಪ್ಪ ಮೆಲ್ಲಗೆ ತೋರಿಸಿದರು.

ಹಿರಿಯಮ್ಮ ಹತ್ತಿರ ಬಂದು ನೋಡಿದರು. ಮುಖ ಬಾಡಿತು. "ದೇವರದ್ದಾದ್ರೆ ಮನೇಲೇ ಇರ್ಲಿ. ಬೇರೆಂತದಾದ್ರೂ ಆದ್ರೆ ನೀವೇ ಇಟ್ಕಳ್ಳಿ. ಎಂತದು ಅಂತ ಮಾತ್ರ ನಂಗೆ ಸುಳ್ಳು ಹೇಳ್ಬೇಡಿ" ಎಂದರು.

ಚಿಕ್ಕಪ್ಪ ಗರಿಗಳನ್ನು ಒಂದೊಂದಾಗಿ ಬಿಡಿಸಿ, ಧೂಳು ಒರೆಸಿ, ಅಕ್ಷರ ಕಾಣಲೆಂದು ಎಣ್ಣೆಯಲ್ಲಿ ಕಲಸಿದ ಮಸಿ ಸವರಿದರು. ಓದುತ್ತಾ ಹೋದಂತೆ ಅವರ ಮುಖ ಇಳಿಯುತ್ತಾ ಬಂತು. ದನದ ಹೊಟ್ಟೆಯುಬ್ಬರಕ್ಕೆ ಈ ಸೊಪ್ಪು, ಕಾಲುಬಾಯಿ ಜ್ವರಕ್ಕೆ ಈ ತೊಗಟೆ, ಕರು ಹಾಲು ಕುಡಿಯದಿದ್ದರೆ ಹೀಗೆ ಮಾಡುವುದು. ಪದ್ಯವಲ್ಲ, ಕಥೆಯಲ್ಲ. ಬರೀ ಮದ್ದಿನ ಪಟ್ಟಿ!

"ದೇವರದ್ದಲ್ಲ, ಅಮ್ಮ. ದನದ ಮದ್ದು" ಎಂದರು. ನನ್ನ ಕಡೆ ತಿರುಗಿ, "ಏನು ಮಾಡ್ಲಿ ಹೇಳು? ಇಲ್ಲಿ ಬಿಟ್ರೆ ಮಳೆಗಾಲ ದಾಟಲ್ಲ. ಅಲ್ಲಿ ತಗೊಳ್ಳೋರಿಲ್ಲ" ಎಂದರು. ಅವರನ್ನು ನೋಡಿ ನನಗೆ ನಿಜವಾಗಿ ಸಂಕಟವಾಯಿತು.

ಕೊನೆಯ ಗರಿಯೊಂದು ಉಳಿದಿತ್ತು. ಅದಕ್ಕೂ ಮಸಿ ಸವರಿ, ನಿಧಾನವಾಗಿ, ಗಟ್ಟಿಯಾಗಿ ಓದಿದರು.

"ಈ ಮದ್ದು ಕೊಟ್ಟೆ. ಕೆಂಪಿ ಉಳಿಯಲಿಲ್ಲ. ಮದ್ದಿನಲ್ಲಿ ತಪ್ಪಿಲ್ಲ, ನಾನು ತಡ ಮಾಡಿದೆ. ಕರು ಕೊಟ್ಟಿಗೆಯ ಬಾಗಿಲು ನೋಡುತ್ತದೆ. ನಾನೂ ನೋಡುತ್ತೇನೆ."

ಚಿಕ್ಕಪ್ಪ ಜೇಬಿನಿಂದ ಚೀಟಿ ತೆಗೆದು 'ಸಾಹಿತ್ಯ' ಎಂದು ಬರೆದರು. ಒಂದು ಗಳಿಗೆಯೂ ಯೋಚಿಸಲಿಲ್ಲ. ಮೇಲಿನವರು ಕೇಳಿದರೆ ಏನು ಹೇಳುತ್ತೀರಿ ಎಂದೆ. "ಈ ಗರಿ ಓದಿ ಹೇಳ್ತೀನಿ. ಆಮೇಲೂ ಅಲ್ಲ ಅಂದ್ರೆ ನನ್ನ ಕೆಲಸ ಅವರೇ ಮಾಡ್ಲಿ" ಎಂದರು.

ಹಿರಿಯಮ್ಮ ಮೆಣಸಿನ ಮೊರ ಕೆಳಗಿಟ್ಟು ಕಟ್ಟೆಯ ಮೇಲೆ ಕುಳಿತರು.

"ಕೆಂಪಿ ಸತ್ತಾಗ ನಾನು ಈ ಮನೆಗೆ ಬಂದು ಎಂಟು ದಿನ ಆಗಿತ್ತು. ಮೊದಲನೇ ಸಲ ಒಲೆ ಮುಂದೆ ಕೂತಿದ್ದೆ. ಮಾವನೋರು ಎಲೆ ಮುಂದೆ ಕೂತು ಹಾಗೇ ಎದ್ದುಹೋದ್ರು. ಮೂರು ದಿನ ಉಣ್ಣಲಿಲ್ಲ. ಒಂದು ಮಾತಾಡ್ಲಿಲ್ಲ." ಸೆರಗಿನಿಂದ ಮುಖ ಒರೆಸಿಕೊಂಡರು. "ನನ್ನ ಅಡಿಗೆ ಸೇರ್ಲಿಲ್ಲ ಅಂದ್ಕೊಂಡೆ ಮಾರಾಯ್ರೆ. ಇವತ್ತಿನವರೆಗೂ ಹಂಗೇ ಅಂದ್ಕೊಂಡಿದ್ದೆ."