ಸಿರುಗುಪ್ಪಕ್ಕೆ ನಾನು ತಂದ ರೈಲು

ಹೆಂಡತಿಯ ತವರೂರನ್ನು ಗೇಲಿ ಮಾಡಲು ಗಂಡಸಿಗೆ ಒಂದೋ ಧೈರ್ಯ ಇರಬೇಕು, ಇಲ್ಲವೇ ಬುದ್ಧಿ ಇರಬಾರದು. ನಾನು ಎರಡನೆಯವರ ಪೈಕಿ. ನನ್ನದು ಬಳ್ಳಾರಿ, ನನ್ನಾಕೆ ಗಿರಿಜೆಯದು ಸಿರುಗುಪ್ಪ. ಕಾಲೇಜಿನಲ್ಲಿ ಚರಿತ್ರೆ ಹೇಳುವ ನನ್ನ ಪಾಠ ಊಟಕ್ಕೆ ಕುಳಿತರೂ ನಿಲ್ಲುವುದಿಲ್ಲ. “ನಮ್ಮ ಪಕ್ಕದ ಕುರುಗೋಡಾಗ ಅರಸರಿದ್ರು, ಕೋಟೆ ಇತ್ತು. ರೈಲು ಆ ಕಡಿ ಹೋಗ್ಲಿಲ್ಲ, ಊರು ಅಲ್ಲೇ ಕುಂತ್ಬಿಡ್ತು. ಬಳ್ಳಾರಿಗೆ ರೈಲು ಬಂತು. ಅದರ ಹಿಂದೇ ಹತ್ತಿ ಮಂಡಿ, ಗೋದಾಮು, ಲಾಡ್ಜು ಎಲ್ಲಾ ಬಂದ್ವು. ನಿಮ್ಮೂರಿಗೆ ಏನ್ ಬಂತು?” ಎಂದು ಕೆಣಕುತ್ತಿದ್ದೆ.

“ನೀವು ಬಂದ್ರಲ್ಲ, ಅಳಿಯಂದ್ರಾಗಿ. ಅದಕ್ಕೇ ಬೆಳೀಲಿಲ್ಲ ಅನಸ್ತೈತಿ” ಎನ್ನುತ್ತಿದ್ದಳು.

ಹೀಗಿರುವಾಗ ಅವಳ ತಮ್ಮ ಮಲ್ಲಿಕಾರ್ಜುನ, ಸಿರುಗುಪ್ಪದ ರೈಸ್‌ಮಿಲ್ಲಿನ ಮ್ಯಾನೇಜರು, ನಮ್ಮ ಬಳ್ಳಾರಿಯ ಪಾರ್ವತಿನಗರದ ಹುಡುಗಿಯೊಬ್ಬಳನ್ನು ಮೆಚ್ಚಿದ. ಅವಳೂ ಮೆಚ್ಚಿದ್ದಳು. ಮಾತಾಡಲು ನಾವು ಮೂವರೂ ಅವರ ಮನೆಗೆ ಹೋದೆವು. ಹುಡುಗಿಯ ತಂದೆ ನಿವೃತ್ತ ರೈಲ್ವೆ ಗಾರ್ಡು. “ಹುಡುಗ ಬಂಗಾರದಂಥಾವ್ರೀ. ಆದ್ರ ಊರಿಗೆ ರೈಲಿಲ್ಲ. ರೈಲಿಲ್ಲದ ಊರು ಬೆಳೆಯಂಗಿಲ್ಲ. ಆ ಕುರುಗೋಡು ನೋಡ್ರಿ...” ಎಂದು ಶುರುಮಾಡಿದರು.

ನನ್ನದೇ ಪಾಠ, ಪರರ ಬಾಯಲ್ಲಿ! ಗಿರಿಜೆ ನನ್ನ ಕಡೆ ತಿರುಗಿ, “ನೀವು ಹೇಳ್ರಲ್ಲ, ಚರಿತ್ರೆ ಓದಿದವ್ರು” ಎಂದಳು. ಮಲ್ಲಿಕಾರ್ಜುನ ಕೈಮುಗಿಯುವವನ ಹಾಗೆ ನನ್ನತ್ತ ನೋಡಿದ.

“ರೈಲು ಬಂದ ಊರೆಲ್ಲಾ ಎಲ್ಲಿ ಬೆಳದಾವ್ರೀ? ಎಷ್ಟೋ ಸ್ಟೇಷನ್ನಾಗ ಗಾಡಿ ನಿಂದ್ರಂಗೂ ಇಲ್ಲ” ಎಂದೆ. “ಸಿರುಗುಪ್ಪಕ್ಕ ಕಾಲುವಿ ನೀರು ಬಂತು. ಪಕ್ಕದ ದೇಶನೂರ ಕಡಿ ಗದ್ದಿ ನೋಡ್ರಿ, ಕಣ್ಣು ತಂಪಾಗ್ತಾವು.” ಗಾರ್ಡು ಜಗ್ಗಲಿಲ್ಲ. ಒಳಗೆ ಹುಡುಗಿ ಬಿಕ್ಕಿದ ಸದ್ದು ಕೇಳಿತು. ನನ್ನ ಬಾಯಿ ನನ್ನ ಕೈಮೀರಿತು: “ಅಷ್ಟಕ್ಕೂ ರೈಲು ಬರ್ತೈತ್ರೀ. ಇನ್ನೇನು ಬಂದಂಗೇ!”

“ಖರೇನ?”

“ಖರೇ.”

ಮದುವೆ ಆಯಿತು, ಇಬ್ಬರೂ ಸುಖವಾಗಿದ್ದಾರೆ. ಸುಖ ಕಳೆದುಕೊಂಡವನು ನಾನು. ನನ್ನ ರೈಲಿನ ಮಾತು ಊರೆಲ್ಲ ಹಬ್ಬಿ, ಸಿರುಗುಪ್ಪದಲ್ಲಿ ಬಸ್ಸಿಳಿದರೆ ಸಾಕು, “ಸರ್, ಸ್ಟೇಷನ್ ಎಲ್ಲಿ ಬರ್ತೈತ್ರೀ?” ಎಂದು ಮುತ್ತಿಕೊಳ್ಳುತ್ತಿದ್ದರು. ಪಾರಾಗಲು ಒಮ್ಮೆ ಊರ ಹೊರಗಿನ ಬಯಲಿನತ್ತ ಕೈ ತೋರಿಸಿ ನಡೆದುಬಿಟ್ಟೆ.

ಕಳೆದ ವಾರ ಹೋದಾಗ ನೋಡಿದರೆ ಆ ಬಯಲಿನ ಅಂಚಿನಲ್ಲೊಂದು ಪಂಕ್ಚರ್ ಅಂಗಡಿ, ಎಗ್ ರೈಸ್ ಗಾಡಿ, ‘ಸ್ಟೇಷನ್ ಟೀ ಸ್ಟಾಲ್’! ಗಿರಿಜೆ ಸೆರಗಿನಲ್ಲಿ ನಗು ಮುಚ್ಚಿಕೊಂಡು, “ರೈಲಿಲ್ಲದೇ ಊರು ಬೆಳೀತಲ್ರೀ. ನಾಳಿ ಇದನ್ನೂ ಪಾಠ ಮಾಡ್ರಿ” ಎಂದಳು. ಟೀ ಅಂಗಡಿಯವನು ಓಡಿಬಂದು ಬೆಂಚು ಒರೆಸಿ, ಚಹಾ ಕೊಟ್ಟು, “ಗಾಡಿ ಯಾವಾಗ್ರೀ ಸರ್?” ಎಂದ.

ಒಂದು ಗುಟುಕು ಕುಡಿದು, ಗಂಭೀರವಾಗಿ ಹೇಳಿದೆ: “ಸ್ವಲ್ಪ ಲೇಟಾಗೈತಪಾ.”