ತುಕ್ಕು ಹಿಡಿಯದ ಬ್ಲೇಡು

ನಮ್ಮ ಸೋದರಮಾವ ಬರುತ್ತಿದ್ದಾರೆಂದರೆ ಮನೆಯ ಗಂಡಸರೆಲ್ಲ ಗಲ್ಲ ಮುಚ್ಚಿಕೊಂಡು ಹಿತ್ತಲಿಗೆ ಓಡುತ್ತಿದ್ದರು! ಅಂಥ ಕ್ರೂರಿಯೇ? ಛೇ, ಇರುವೆ ತುಳಿದರೂ ಮರುಗುವ ಮನುಷ್ಯ.

ಮಾವ ನಮ್ಮೂರು ವಾಡಿಯ ಸಿಮೆಂಟ್ ಫ್ಯಾಕ್ಟರಿಯಲ್ಲಿ ಫಿಟ್ಟರ್. ಅತ್ತೆ ತೀರಿಕೊಂಡು ನಾಲ್ಕು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಕ್ವಾರ್ಟರ್ಸಿನಲ್ಲಿ ಅವರು, ಒಂದು ರೇಡಿಯೊ, ಎಷ್ಟು ಒರೆಸಿದರೂ ಬಂದು ಕೂರುವ ಧೂಳು. ಒಮ್ಮೆ ಹೈದರಾಬಾದಿನ ಗುಜರಿ ಬಜಾರಿನಿಂದ ಟೈಟಾನಿಯಂ ಪಟ್ಟಿ ತಂದರು. ವಿಮಾನಕ್ಕೆ ಬಳಸುವ ಲೋಹವಂತೆ. ಅದನ್ನು ಕತ್ತರಿಸಿ, ತೂತು ಕೊರೆದು, ಮಸೆದು, ರೇಜರಿಗೆ ಕೂರುವಂತೆ ಬ್ಲೇಡು ಮಾಡಿದರು.

“ತುಕ್ಕೇ ಹಿಡಿಯಂಗಿಲ್ಲ ನೋಡು. ಒಂದ ಬ್ಲೇಡು, ಇಡೀ ಜನ್ಮಕ್ಕ ಸಾಕು!”

ಪರೀಕ್ಷೆ ಬೇಡವೇ? ಅವ್ವನಿಗೆ ತಿಳಿಯದಂತೆ ಅದನ್ನು ನಮ್ಮ ಉಪ್ಪಿನಕಾಯಿ ಭರಣಿಯಲ್ಲಿ ಒಂದು ತಿಂಗಳು ಹೂತಿಟ್ಟರು. ಒಂದು ದಿನ ಅಪ್ಪನ ತಟ್ಟೆಗೆ ಮಾವಿನ ಹೋಳಿನ ಜೊತೆ ಬ್ಲೇಡೂ ಬಿತ್ತು. “ಅಣ್ಣಾ, ಇದೇನ್ ಮಾಡಿಟ್ಟೀರಿ!” ಎಂದು ಅವ್ವ ಚೀರಿದರೆ, ಮಾವ ಅದನ್ನು ತೊಳೆದು ಬೆಳಕಿಗೆ ಹಿಡಿದು, “ನೋಡವಾ ತಂಗಿ, ಒಂದ ತುಕ್ಕಿನ ಕಲಿ ಬಿದ್ದಿಲ್ಲ!” ಎಂದು ಕುಣಿದರು. ಆ ಭರಣಿಯನ್ನು ಮತ್ತೆ ಯಾರೂ ಮುಟ್ಟಲಿಲ್ಲ.

ಸ್ಟೇಷನ್ ರಸ್ತೆಯ ಕ್ಷೌರಿಕ ಧೈರ್ಯವಂತ. ತನ್ನ ಗಲ್ಲದ ಮೇಲೇ ಎಳೆದು ನೋಡಿ ಹೇಳಿದ: “ಸಾಹೇಬ್ರ, ಇದು ಕೂದಲಾ ಕೊಯ್ಯಾಕತ್ತಿಲ್ರಿ, ಮಾತಾಡಸಾಕತ್ತದ!”

ಉಕ್ಕನ್ನು ಕೆಂಪಗೆ ಕಾಯಿಸಿ ಎಣ್ಣೆಗೆ ಅದ್ದಿದರೆ ಗಟ್ಟಿಯಾಗುತ್ತದೆ, ಹರಿತ ನಿಲ್ಲುತ್ತದೆ. ಇದು ಎಷ್ಟು ಅದ್ದಿದರೂ ಹಾಗಾಗದು. ಮಸೆದ ಅಂಚು ನಾಲ್ಕು ಎಳೆತಕ್ಕೇ ಮೊಂಡು. ಆದರೂ ಮಾವ ದಿನಾ ಸಂಜೆ ಸೋಪಿನ ಡಬ್ಬಿ ಹಿಡಿದು ನಮ್ಮ ಮನೆಗೆ ಬರುತ್ತಿದ್ದರು.

“ಇವತ್ತ ಸೋಮವಾರ ಅದರಿ, ಗಡ್ಡ ತೆಗೀಬಾರದು” ಎಂದು ಅಪ್ಪ ಕೈಮುಗಿದರು. ಮಂಗಳವಾರ ಕತ್ತಿ ಮುಟ್ಟಬಾರದು, ಶುಕ್ರವಾರ ಲಕ್ಷ್ಮಿಯ ದಿನ. ಬುಧವಾರಕ್ಕೂ ಅಪ್ಪ ಒಂದು ಶಾಸ್ತ್ರ ಹುಟ್ಟಿಸಿದರು! ಮಾವ ಚಹಾ ಕುಡಿದು ಡಬ್ಬಿ ಎತ್ತಿಕೊಂಡು ಹೋಗುತ್ತಿದ್ದರು, ನಾವು ಬಾಗಿಲು ಹಾಕಿಕೊಂಡು ನಗುತ್ತಿದ್ದೆವು. ಕೊನೆಗೆ ಅವರು ಬರುವುದನ್ನೇ ಬಿಟ್ಟರು.

ಎರಡು ವಾರ ಕಾದ ಅವ್ವ ಒಂದು ಭಾನುವಾರ ನನ್ನ ಕೈಯಲ್ಲಿ ರೊಟ್ಟಿ ಕೊಟ್ಟು ಕಳಿಸಿದಳು. ನನಗಾಗ ಇಪ್ಪತ್ತೈದು, ಕೆನ್ನೆ ತುಂಬ ಗಡ್ಡ. ಮಾವನ ಮನೆಯಲ್ಲಿ ಬಾಗಿಲಿಗೆದುರಾಗಿ ಒಂದು ಕುರ್ಚಿ, ಅದರ ಮೇಲೆ ಮಡಚಿದ ಟವೆಲು. ಭಾನುವಾರಕ್ಕೆ ನನಗೆ ಯಾವ ಶಾಸ್ತ್ರವೂ ನೆನಪಾಗಲಿಲ್ಲ. ಕುಳಿತೆ.

ಎಡಗೈಯಲ್ಲಿ ನನ್ನ ಗದ್ದ ಹಿಡಿದು ಮಾವ ಬಲಗಲ್ಲ ಕೆರೆದರು, ಕೆರೆದರು. ನೊರೆ ಹೋಯಿತು, ಗಡ್ಡ ಹೋಗಲಿಲ್ಲ.

“ಮಾವಾ, ಇದು ಕೊಯ್ಯಂಗಿಲ್ಲ ಬಿಡ್ರಿ” ಎಂದು ನಕ್ಕೆ.

“ಗೊತ್ತದ. ಮೊದಲನೇ ದಿನಾನೇ ಗೊತ್ತಾಗ್ಯದ.”

“ಮತ್ತ್ಯಾಕ್ರಿ ಇಷ್ಟೆಲ್ಲ?”

ಮಾವ ರೇಜರು ಕೆಳಗಿಟ್ಟರು. ಗದ್ದ ಮಾತ್ರ ಬಿಡಲಿಲ್ಲ.

“ನಿಮ್ಮತ್ತಿ ಹೋದಮ್ಯಾಲ ಒಬ್ಬರ ಮೈ ಮುಟ್ಟಿಲ್ಲೋ. ಗಡ್ಡದ ನೆಪಕ್ಕರ ಯಾರರ ಕುಂದ್ರತಾರ ಅನ್ಕೊಂಡಿದ್ದೆ.”

ಬಾಗಿಲು ಹಾಕಿಕೊಂಡು ನಕ್ಕ ನನಗೆ ನಾಚಿಕೆಯಾಯಿತು. ಎಡಗಲ್ಲವನ್ನು ಅವರತ್ತ ತಿರುಗಿಸಿ ಹೇಳಿದೆ: “ಮಾವಾ, ಎಡಗಡಿ ಇನ್ನಾ ಹಂಗೇ ಉಳದದ ನೋಡ್ರಿ. ಸಾವಕಾಶ ಮಾಡ್ರಿ.”