ಕೂದಲೆಳೆಯಷ್ಟು ಎಡಕ್ಕೆ

ಮೂಗು ತುರಿಸಿಕೊಂಡದ್ದೇ ತಪ್ಪಾಯಿತು.

ಬೆಳಿಗ್ಗೆ ಹಾಲು ತರಲು ಹೋಗಿದ್ದ ನಕ್ಷೆಗಾರ ಮೋಟಾರ್‌ಸೈಕಲ್ಲಿನಲ್ಲಿ ಮನೆಯ ಹತ್ತಿರ ಬಂದಿದ್ದ. ಮೂಗಿನ ತುದಿ ಕಡಿಯಿತು. ಬಲಗೈ ಎತ್ತಿ ಒಂದೇ ಒಂದು ಸಲ ತುರಿಸಿಕೊಂಡ. ಅಷ್ಟರಲ್ಲಿ ಗಾಡಿ, ಹಗ್ಗ ಕಳಚಿದ ಕರುವಿನ ಹಾಗೆ ಎಡಕ್ಕೆ ನುಗ್ಗಿ, ಪಕ್ಕದ ಟೈಲರ್ ಅಂಗಡಿಯ ಮೆಟ್ಟಿಲು ಹತ್ತಿ, ಬಾಗಿಲಲ್ಲಿ ಕೋಟು ತೊಟ್ಟು ನಿಂತಿದ್ದ ಗೊಂಬೆಯನ್ನು ಅಪ್ಪಿಕೊಂಡಿತು. ಗೊಂಬೆಯ ತಲೆ ಕಳಚಿ, ಮೂರು ಉರುಳು ಉರುಳಿ, ಚರಂಡಿಯ ಅಂಚಿನಲ್ಲಿ ನಿಂತು ನಕ್ಷೆಗಾರನನ್ನೇ ನೋಡತೊಡಗಿತು.

“ಏನ್ ಸಾರ್, ಅಳತೆ ಕೊಡೋಕೆ ಬಂದ್ರಾ?” ಎಂದ ಟೈಲರ್, ತುಟಿಯ ನಡುವಿನ ಗುಂಡುಸೂಜಿ ತೆಗೆಯದೆ.

ಮೇಲಿನ ಮನೆಯ ನಿವೃತ್ತ ಹೆಡ್‌ಮಾಷ್ಟರು ಬಾಲ್ಕನಿಯಿಂದ ಬಗ್ಗಿದರು. “ನಾನು ಆರು ವರ್ಷದಿಂದ ನೋಡ್ತಾ ಇದ್ದೀನಿ. ಗಾಡಿ ಮೇಲೆ ನೀವು ನೆಟ್ಟಗೆ ಕೂತದ್ದೇ ಇಲ್ಲ. ಬಲಕ್ಕೆ ವಾಲಿಕೊಂಡೇ ಓಡಿಸ್ತೀರಿ. ಕಿಟಕಿ ಪಕ್ಕ ನಿದ್ದೆ ಮಾಡೋ ಪ್ರಯಾಣಿಕನ ಹಾಗೆ.”

ನಕ್ಷೆಗಾರನಿಗೆ ಇದು ಹೊಸ ಸುದ್ದಿ. ಕಟ್ಟಡಗಳ ನಕ್ಷೆ ಬರೆಯುವ ಕಚೇರಿಯಲ್ಲಿ ಹದಿನೈದು ವರ್ಷ ಕೆಲಸ ಮಾಡಿದವನು ಅವನು. ಸ್ಕೇಲು ಇಲ್ಲದೆ ಎಳೆದ ಗೆರೆಯೂ ಇಟ್ಟಲ್ಲಿಂದ ಮುಟ್ಟುವಲ್ಲಿಗೆ ನೆಟ್ಟಗೆ ಹೋಗುತ್ತಿತ್ತು. ಆದರೆ ಅವನು ಬದುಕಿನಲ್ಲಿ ಓಡಿಸಿದ್ದು ಇದೊಂದೇ ಗಾಡಿ. ಮೋಟಾರ್‌ಸೈಕಲ್ ಅಂದರೆ ಹೀಗೇ, ಸ್ವಲ್ಪ ಗದರಿಸಿಕೊಂಡು ಹೋಗಬೇಕಾದ ಪ್ರಾಣಿ ಎಂದೇ ತಿಳಿದಿದ್ದ.

ಹೆಂಡತಿ ಫೋನು ಹಿಡಿದುಕೊಂಡೇ ಹೊರಗೆ ಬಂದಳು. ಗಂಡನನ್ನು, ಗೊಂಬೆಯನ್ನು, ಒಡೆದ ಹಾಲಿನ ಪೊಟ್ಟಣವನ್ನು ಒಂದು ಸುತ್ತು ನೋಡಿದಳು.

“ರೀ, ಅಪ್ಪನ ಫೋನು. ನಾಲ್ಕು ಗಂಟೆ ಬಸ್ಸಿಗೆ ಬರ್ತಾರಂತೆ. ಮೊದಲು ಗಾಡಿ ಓಡಿಸಿ ನೋಡ್ತಾರಂತೆ, ಕಾಫಿ ಆಮೇಲಂತೆ.”

ನಕ್ಷೆಗಾರ ಗಡಿಬಿಡಿಯಿಂದ ಗಾಡಿಯನ್ನು ಗೊಂಬೆಯಿಂದ ಬಿಡಿಸಿ ಮೆಟ್ಟಿಲಿಳಿಸಿದ. ಮಾವ ಮೂವತ್ತು ವರ್ಷ ಡ್ರೈವಿಂಗ್ ಶಾಲೆಯಲ್ಲಿ ಪಾಠ ಹೇಳಿದವರು. ಅರ್ಧ ಊರು ಅವರ ಕೈಯಲ್ಲೇ ಬ್ರೇಕು ಹಿಡಿಯಲು ಕಲಿತದ್ದು. ಈ ಮೋಟಾರ್‌ಸೈಕಲ್ಲನ್ನು ಇಪ್ಪತ್ತೆರಡು ವರ್ಷ ಓಡಿಸಿ, ಒಮ್ಮೆಯೂ ನೆಲಕ್ಕೆ ಮೈ ತಾಗಿಸಿಲ್ಲ ಎಂದು ಅವರು ಕಂಡಕಂಡವರಿಗೆ ಹೇಳುತ್ತಿದ್ದರು. ಆರು ವರ್ಷದ ಹಿಂದೆ, ಬರೀ ಮೆಟ್ಟಿಲಿನ ದಾರಿಯಿರುವ ಗುಡ್ಡದ ಮೇಲಿನ ಮನೆಗೆ ಹೋಗಿ ನೆಲೆಸಬೇಕಾಗಿ ಬಂದಾಗ ತಾವೇ ಅದಕ್ಕೆ ಹೊಸದಾಗಿ ಹಸಿರು ಬಣ್ಣ ಹಚ್ಚಿ ಅಳಿಯನ ಕೈಗೆ ಕೀಲಿ ಇಟ್ಟಿದ್ದರು. “ಮಗಳನ್ನ ಕೊಡುವಾಗಲೂ ನಾನು ಇಷ್ಟು ಯೋಚನೆ ಮಾಡಿರಲಿಲ್ಲ ಅಳಿಯಂದಿರೇ” ಎಂದಿದ್ದರು. ಅದರ ಜೊತೆಗೆ ತಮ್ಮ ಇಡೀ ವಿದ್ಯೆಯನ್ನೂ ಒಂದು ಮಾತಿನಲ್ಲಿ ಕೊಟ್ಟಿದ್ದರು: “ಗಾಡಿ ತಪ್ಪು ಮಾಡಲ್ಲ. ಕೂತವನು ಮಾಡ್ತಾನೆ.”

ಅಂದರೆ ಆರು ವರ್ಷ ವಾರೆ ಕೂತು ಕೂತು ಬಂಗಾರದಂಥ ಗಾಡಿಯನ್ನು ತಾನೇ ವಾರೆ ಮಾಡಿದ್ದೇನೆ. ಮಾವ ಹತ್ತಿ ಕೂತ ಮರುಕ್ಷಣ ಅವರಿಗೆ ಗೊತ್ತಾಗುತ್ತದೆ. ಇಷ್ಟು ಯೋಚಿಸಿ ನಕ್ಷೆಗಾರ ಕಚೇರಿಗೆ ರಜೆ ಹೇಳಿ, ಗಾಡಿಯನ್ನು ಮೆಕ್ಯಾನಿಕ್ ಹತ್ತಿರ ಒಯ್ಯಲು ಹೊರಟ.

“ಮೆಕ್ಯಾನಿಕ್ ಯಾಕೆ?” ಎನ್ನುತ್ತ ಹೆಡ್‌ಮಾಷ್ಟರು ಅಷ್ಟರಲ್ಲಿ ಒಂದು ದೊಡ್ಡ ಸ್ಪ್ಯಾನರ್ ಹಿಡಿದು ಕೆಳಗಿಳಿದಿದ್ದರು. “ಇದಕ್ಕೆ ಬೇಕಾದ್ದು ಶಿಸ್ತು. ಹ್ಯಾಂಡಲ್ಲು ಸಡಿಲ ಬಿಟ್ರೆ ಹೀಗೇ, ಮನಸ್ಸಿಗೆ ಬಂದ ಕಡೆ ಹೋಗುತ್ತೆ.”

“ನಂಗ್ಯಾಕೋ ಎಡಗಡೆ ಒಂದು ಬೆರಳು ಗಿಡ್ಡ ಕಾಣುತ್ತೆ ಮೇಷ್ಟ್ರೇ” ಎಂದು ಟೈಲರ್ ಕೊರಳಿನ ಟೇಪು ಬಿಚ್ಚಿ ಹ್ಯಾಂಡಲ್ಲಿನ ಎರಡೂ ತೋಳು ಅಳೆದ. ಸರಿಯಾಗಿಯೇ ಇದ್ದವು. ಅಭ್ಯಾಸಬಲದಿಂದ ಸೀಟಿನ ಸೊಂಟದ ಸುತ್ತಳತೆಯನ್ನೂ ತೆಗೆದ.

ಹೆಡ್‌ಮಾಷ್ಟರು ಹ್ಯಾಂಡಲ್ಲಿನ ನಡುವಿನ ದೊಡ್ಡ ನಟ್ಟಿಗೆ ಸ್ಪ್ಯಾನರ್ ಹಾಕಿ, ಮೂವತ್ತೈದು ವರ್ಷ ಮಕ್ಕಳ ಮೇಲೆ ತೋರಿಸಿದ ಸಿಟ್ಟನ್ನೆಲ್ಲ ಒಟ್ಟುಮಾಡಿ ಬಿಗಿದರು. ಗಾಡಿ ಎಡಕ್ಕೆ ಹೋಗುವುದು ನಿಂತಿತು. ಬಲಕ್ಕೆ ಹೋಗುವುದೂ ನಿಂತಿತು. ಹ್ಯಾಂಡಲ್ಲು ಗೋಡೆಗೆ ಹೊಡೆದ ಮೊಳೆಯಷ್ಟೇ ಸ್ಥಿರವಾಗಿತ್ತು.

“ನೋಡಿ, ಈಗ ನೇರ” ಎಂದರು ಹೆಡ್‌ಮಾಷ್ಟರು.

ಅದೇ ನಟ್ಟನ್ನು ಬಿಚ್ಚಲು ಹೋದರೆ ಸ್ಪ್ಯಾನರ್ ಜಾರಿತೇ ಹೊರತು ನಟ್ಟು ಕದಲಲಿಲ್ಲ. ಮೆಕ್ಯಾನಿಕ್ಕನ ಅಂಗಡಿಗೆ ದಾರಿಯಲ್ಲಿ ಎರಡು ತಿರುವು. ತಿರುವು ಬಂದಾಗಲೆಲ್ಲ ನಕ್ಷೆಗಾರ ಮತ್ತು ಟೈಲರ್ ಮುಂದಿನ ಚಕ್ರವನ್ನು ಎತ್ತಿ, ಬೀರು ಸಾಗಿಸುವವರ ಹಾಗೆ ಹೆಜ್ಜೆ ಜರುಗಿಸಿ ಗಾಡಿಯನ್ನು ತಿರುಗಿಸಿದರು. ಹೆಡ್‌ಮಾಷ್ಟರು ಮುಂದೆ ನಡೆಯುತ್ತ ಎದುರಿಗೆ ಬರುವವರಿಗೆ ದಾರಿ ಬಿಡಲು ಹೇಳಿದರು.

ಮೆಕ್ಯಾನಿಕ್ಕನನ್ನು ಎಲ್ಲರೂ ದಾರದಣ್ಣ ಎನ್ನುತ್ತಿದ್ದರು, ಅವನ ಕೊರಳಲ್ಲಿ ಸದಾ ಒಂದು ಬಿಳಿ ದಾರದ ಉಂಡೆ ನೇತಾಡುತ್ತಿದ್ದುದರಿಂದ. ಒಂದು ಕೋಣೆಯ ಅಂಗಡಿ. ಗೋಡೆಯ ಮೇಲೆ ಪ್ರತಿ ಸ್ಪ್ಯಾನರಿಗೂ ಅದರದೇ ಆಕಾರದ ನೆರಳು ಬರೆದಿತ್ತು. ಯಾವುದನ್ನು ಎಲ್ಲಿಂದ ತೆಗೆದರೂ ಅದರ ಜಾಗ ಬಾಯಿ ತೆರೆದು ಕಾಯುತ್ತಿತ್ತು. ನಕ್ಷೆಗಾರನಿಗೆ ಆ ಗೋಡೆ ನೋಡಿಯೇ ಮನಸ್ಸು ತಣ್ಣಗಾಯಿತು. ತನ್ನ ಕಚೇರಿಯಲ್ಲಿ ಒಂದು ರಬ್ಬರು ಹುಡುಕಲು ಮೂರು ಜನ ಬೇಕು.

ದಾರದಣ್ಣ ಗಾಡಿಯ ಕಡೆ ನೋಡಲಿಲ್ಲ. ನಕ್ಷೆಗಾರನನ್ನು ಮೇಲಿಂದ ಕೆಳಗೆ ನೋಡಿದ.

“ಎಡಕ್ಕೆ ಎಳೆಯುತ್ತೆ, ಅಲ್ವಾ ಸಾರ್?”

“ಹೇಗೆ ಗೊತ್ತಾಯ್ತು?”

“ನಿಮ್ಮ ಬಲಭುಜ ಇಳಿದಿದೆ. ಗಾಡಿ ಎಡಕ್ಕೆ ಎಳೆದಷ್ಟು ನೀವು ಬಲಕ್ಕೆ ಎಳೆದಿದ್ದೀರಿ.” ಆಮೇಲೆ ನಟ್ಟನ್ನು ಮುಟ್ಟಿ ನೋಡಿ, “ಇದು ಮಾತ್ರ ಇವತ್ತಿಂದು. ಯಾರೋ ತುಂಬಾ ಓದಿದವರ ಕೈ” ಎಂದ. ಹೆಡ್‌ಮಾಷ್ಟರಿಗೆ ಊಟದ ಹೊತ್ತಾದದ್ದು ನೆನಪಾಯಿತು. ಟೈಲರ್ ಗೊಂಬೆಯ ತಲೆ ಅಂಟಿಸಬೇಕಿತ್ತು. ಇಬ್ಬರೂ ಹೊರಟರು.

ಆಮೇಲಿನ ಎರಡು ಗಂಟೆ ನಕ್ಷೆಗಾರ ಕೂತಲ್ಲಿಂದ ಏಳಲಿಲ್ಲ. ದಾರದಣ್ಣ ಯಾವುದನ್ನೂ ಊಹಿಸುತ್ತಿರಲಿಲ್ಲ; ಒಂದೊಂದೇ ಸಂಶಯವನ್ನು ಕರೆದು, ವಿಚಾರಿಸಿ, ತಪ್ಪಿಲ್ಲವೆಂದು ಕಂಡರೆ ಮರ್ಯಾದೆಯಿಂದ ಕಳಿಸಿಕೊಡುತ್ತಿದ್ದ. ಟೈರಿನ ಗಾಳಿ ನೋಡಿದ, ಸರಿ. ಚಕ್ರ ತಿರುಗಿಸಿ ಅದರ ಅಂಚಿಗೆ ಸೀಮೆಸುಣ್ಣ ಹಿಡಿದ. ಸುತ್ತಲೂ ಒಂದೇ ಸಮ ಬಿಳಿ ಗೆರೆ ಬಿತ್ತು, ಅದೂ ಸರಿ. ಹ್ಯಾಂಡಲ್ಲು ತಿರುಗುವ ಕಡೆಯ ಬೇರಿಂಗ್ ಗುಂಡುಗಳನ್ನು ಹೊರತೆಗೆದು ಬಟ್ಟೆಯ ಮೇಲೆ ಸಾಲಾಗಿಟ್ಟು, ಉಜ್ಜಿ, ಹೊಸ ಗ್ರೀಸು ತುಂಬಿ, ನಟ್ಟನ್ನು ಎರಡೇ ಬೆರಳಿನಲ್ಲಿ ಬಿಗಿದ. ಕೊನೆಗೆ ಕೊರಳಿನ ದಾರ ಬಿಚ್ಚಿ, ಹಿಂದಿನ ಚಕ್ರದಿಂದ ಮುಂದಿನ ಚಕ್ರದವರೆಗೆ ಎರಡೂ ಬದಿಗೆ ಬಿಗಿಯಾಗಿ ಎಳೆದು ಕಟ್ಟಿದ. ನೆಲಕ್ಕೆ ಕೆನ್ನೆ ತಾಗಿಸಿ ಒಂದು ಕಣ್ಣು ಮುಚ್ಚಿದ.

“ಬನ್ನಿ ಸಾರ್. ನೋಡಿ.”

ನಕ್ಷೆಗಾರನೂ ಕೆನ್ನೆ ತಾಗಿಸಿದ. ಬಲಗಡೆ ದಾರಕ್ಕೂ ಚಕ್ರಕ್ಕೂ ನಡುವೆ ಒಂದು ಕಾಗದದ ಹಾಳೆ ತೂರುವಷ್ಟು ಬೆಳಕು. ಎಡಗಡೆ ಇಲ್ಲ.

ದಾರದಣ್ಣ ಮುಂದಿನ ಚಕ್ರ ಹಿಡಿದುಕೊಂಡಿರುವ ಎರಡು ಉದ್ದ ಫೋರ್ಕ್ ಪೈಪುಗಳನ್ನು ಕಳಚಿ, ಒರೆಸಿ, ಕಿಟಕಿಯ ಬಳಿಯ ದಪ್ಪ ಗಾಜಿನ ಹಲಗೆಯ ಮೇಲೆ ಉರುಳಿಸಿದ. ಮೊದಲನೆಯದು ನೀರಿನ ಹಾಗೆ ಉರುಳಿತು. ಎರಡನೆಯದು ಉರುಳುವಾಗ ಅದರ ಅಡಿಯಲ್ಲಿ ಬೆಳಕು ಒಮ್ಮೆ ಕಂಡಿತು, ಮರೆಯಾಯಿತು, ಮತ್ತೆ ಕಂಡಿತು. ಕಣ್ಣು ಮಿಟುಕಿಸಿದ ಹಾಗೆ.

“ಸಿಕ್ಕಿತು” ಎಂದ ದಾರದಣ್ಣ. “ಕೂದಲೆಳೆಯಷ್ಟು ಬಗ್ಗಿದೆ.”

ನಕ್ಷೆಗಾರನಿಗೆ ಎದ್ದು ನಿಂತು ಕೈ ಮುಗಿಯಬೇಕು ಅನ್ನಿಸಿತು. ಅದರ ಬೆನ್ನಿಗೇ ಸಂಕಟವಾಯಿತು. “ನಾನು ವಾರೆ ಕೂತದ್ದಕ್ಕೆ ಬಗ್ಗಿತಾ ಅಣ್ಣ?”

“ಕೂತರೆ ಬಗ್ಗೋ ಕಬ್ಬಿಣ ಅಲ್ಲ ಇದು. ಗಾಡಿ ಬಿದ್ದಿದೆ.” ಅವನು ಆ ಪೈಪಿನ ಮೇಲಿದ್ದ ತಗಡಿನ ಕವಚವನ್ನು ಬೆಳಕಿಗೆ ಹಿಡಿದ. ಅದರಲ್ಲಿ ಉಗುರಿನಷ್ಟು ದೊಡ್ಡ ಒಂದು ಮಡಿಕೆ. “ಮಡಿಕೆಯ ಒಳಗೂ ಹಸಿರು ಬಣ್ಣ ಇಳಿದಿದೆ ನೋಡಿ. ಬಿದ್ದದ್ದು ಮೊದಲು, ಬಣ್ಣ ಆಮೇಲೆ. ಹಸಿರಿನ ಕೆಳಗೆ, ಅದಕ್ಕೂ ಮೊದಲು ಒಮ್ಮೆ ಹಚ್ಚಿದ ಹಳೇ ಕಪ್ಪು ಬಣ್ಣವೂ ಮಡಿಕೆಯೊಳಗೆ ಇಳಿದಿದೆ. ಇದು ತುಂಬಾ ಹಳೇ ಪೆಟ್ಟು ಸಾರ್.”

“ಹಾಗಾದ್ರೆ ನಾನಲ್ಲ!”

“ನೀವಲ್ಲ. ಬಣ್ಣ ಹಚ್ಚಿದವರು ಯಾರು?”

“ನಮ್ಮ ಮಾವ.”

“ಎಷ್ಟು ವರ್ಷ ಓಡಿಸಿದ್ರು?”

“ಇಪ್ಪತ್ತೆರಡು.”

ದಾರದಣ್ಣ ತಗಡಿನ ಕವಚವನ್ನು ಮೆಲ್ಲಗೆ ಕೆಳಗಿಟ್ಟ. “ಇನ್ನೂ ಓಡಿಸ್ತಾರಾ?”

“ಇವತ್ತು ನಾಲ್ಕು ಗಂಟೆಗೆ.”

ದಾರದಣ್ಣ ಕಪಾಟಿನಿಂದ ಬೇರೆ ಪೈಪು ತೆಗೆದು, ಅದನ್ನೂ ಗಾಜಿನ ಮೇಲೆ ಉರುಳಿಸಿ ನೋಡಿ, ಗಾಡಿಗೆ ಹಾಕಿದ. ಬಗ್ಗಿದ ಪೈಪನ್ನು ಗುಜರಿಗೆ ಎಸೆಯದೆ, ಎಣ್ಣೆ ಸವರಿ, ಹಳೇ ಕಾಗದದಲ್ಲಿ ಸುತ್ತಿ ನಕ್ಷೆಗಾರನ ಕೈಗಿಟ್ಟ. “ಇದು ನಿಮ್ಮ ಹತ್ರ ಇರಲಿ.”

ಆಮೇಲೆ ಅಂಗಡಿಯ ಹಿಂದಿನ ಫುಟ್‌ಬಾಲ್ ಮೈದಾನ ತೋರಿಸಿ, “ಅಲ್ಲಿ ಹತ್ತು ಸುತ್ತು ಹೊಡೆದು ಬನ್ನಿ” ಎಂದ.

ಮೊದಲ ಸುತ್ತಿನಲ್ಲಿ ಗಾಡಿ ಬಲಕ್ಕೆ ಹೊರಟು ಗೋಲಿನ ಬಲಗಂಬವನ್ನು ಸವರಿಕೊಂಡು ಹೋಯಿತು. ಎರಡನೆಯದರಲ್ಲೂ ಅಷ್ಟೇ. ಐದನೆಯ ಸುತ್ತಿಗೆ ಕಂಬ ಒಂದು ಗಜ ದೂರ ಸರಿಯಿತು. ಹತ್ತನೆಯ ಸುತ್ತಿನಲ್ಲಿ ನಕ್ಷೆಗಾರ ಬಲಗೈ ಎತ್ತಿ, ಬೇಕೆಂದೇ ಮೂಗು ತುರಿಸಿಕೊಂಡ. ಗಾಡಿ ಅವನೇ ಎಳೆದ ಗೆರೆಯ ಹಾಗೆ ನೆಟ್ಟಗೆ ಹೋಯಿತು.

“ಮೊದಲು ಯಾಕೆ ಬಲಕ್ಕೆ ಹೋಗ್ತಿತ್ತು?”

“ಗಾಡಿ ಆಗಲೇ ರಿಪೇರಿ ಆಗಿತ್ತು ಸಾರ್” ಎಂದ ದಾರದಣ್ಣ, ಕೈ ಒರೆಸಿಕೊಳ್ಳುತ್ತ. “ಈಗ ಆಗಿದ್ದು ನೀವು.”

ನಾಲ್ಕು ಗಂಟೆಗೆ ಮಾವ ಬಂದರು. ಚೀಲ ಮಗಳ ಕೈಗೆ, ಟೋಪಿ ಅಳಿಯನ ಕೈಗೆ ಕೊಟ್ಟು ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಚೈನು ಮುಟ್ಟಿದರು, ಕನ್ನಡಿಯಲ್ಲಿ ಮೀಸೆ ನೋಡಿಕೊಂಡರು. “ಪರವಾಗಿಲ್ಲ. ಚೆನ್ನಾಗಿಟ್ಟಿದ್ದೀರಿ ಅಳಿಯಂದಿರೇ” ಎಂದರು. ಆರು ವರ್ಷದಲ್ಲಿ ಅವರ ಬಾಯಿಂದ ಬಂದ ಮೊದಲ ಹೊಗಳಿಕೆ. ನಕ್ಷೆಗಾರ ಹೆಂಡತಿಯ ಕಡೆ ನೋಡಿ ಒಂದಿಂಚು ಎತ್ತರವಾದ.

ಮಾವ ಹತ್ತಿದರು. ಎಪ್ಪತ್ತರ ಹತ್ತಿರದವರು ಇಪ್ಪತ್ತರವರ ಹಾಗೆ ಕಿಕ್ ಹೊಡೆದರು. ಬೀದಿಯ ಆ ತುದಿಯವರೆಗೆ ಹೋದರು. ಹೋಗುತ್ತ ಹೋಗುತ್ತ ರಸ್ತೆಯ ಬಲಬದಿಗೆ ಸರಿದದ್ದನ್ನು ಎಲ್ಲರೂ ಶೈಲಿಯೆಂದೇ ತಿಳಿದರು.

“ಇವರೂ ಬಲಕ್ಕೆ ವಾಲಿದ್ದಾರಲ್ಲ?” ಎಂದರು ಬಾಲ್ಕನಿಯಿಂದ ಹೆಡ್‌ಮಾಷ್ಟರು.

ಆಗ ನಕ್ಷೆಗಾರನಿಗೆ ಎಲ್ಲವೂ ಒಟ್ಟಿಗೆ ಅರ್ಥವಾಯಿತು. ಆರು ವರ್ಷ ಓಡಿಸಿದವನಿಗೆ ಹತ್ತು ಸುತ್ತು ಬೇಕಾಯಿತು. ಇಪ್ಪತ್ತೆರಡು ವರ್ಷಕ್ಕೆ ಎಷ್ಟು ಸುತ್ತು? ಲೆಕ್ಕ ಮುಗಿಯುವ ಮೊದಲೇ ಮಾವ ತಿರುಗಿ ಬರುತ್ತಿದ್ದರು. ಆ ಕಡೆಯಿಂದ ಬರುವವರಿಗೆ ಟೈಲರ್ ಅಂಗಡಿ ಬಲಕ್ಕೆ. ಹೊಸದಾಗಿ ತಲೆ ಅಂಟಿಸಿಕೊಂಡು ನಿಂತಿದ್ದ ಗೊಂಬೆ ಎರಡನೆಯ ಸಲ ಅದೇ ಗಾಡಿಯ ಅಪ್ಪುಗೆಗೆ ಸಿಕ್ಕಿತು. ತಲೆಗೆ ಈಗ ದಾರಿ ಗೊತ್ತಿತ್ತು. ಸೀದಾ ಚರಂಡಿಯ ಅಂಚಿಗೇ ಹೋಗಿ ನಿಂತಿತು.

“ನೀವೂ ಅಳತೆ ಕೊಡೋಕಾ ಯಜಮಾನ್ರೇ?” ಎಂದ ಟೈಲರ್.

ಮಾವನಿಗೆ ಪೆಟ್ಟಾಗಿರಲಿಲ್ಲ, ಕೋಟಿನ ಒಂದು ತೋಳು ಮಾತ್ರ ಅವರ ಕೊರಳಿಗೆ ಸುತ್ತಿಕೊಂಡಿತ್ತು. “ಯಾರು ನನ್ನ ಗಾಡಿ ಹಾಳು ಮಾಡಿದ್ದು?” ಎಂದರು. “ಇಪ್ಪತ್ತೆರಡು ವರ್ಷ ದಾರ ಹಿಡಿದ ಹಾಗೆ ಹೋಗ್ತಿತ್ತು. ಈಗ ಬಲಕ್ಕೆ ಎಳೀತಾ ಇದೆ!”

“ಗಾಡಿ ತಪ್ಪು ಮಾಡಲ್ಲ ಅಂತ ತಾವೇ ಹೇಳ್ತಿದ್ರಂತಲ್ಲ?” ಎಂದರು ಹೆಡ್‌ಮಾಷ್ಟರು.

“ಈಗಲೂ ಅದನ್ನೇ ಹೇಳ್ತೀನಿ ಮೇಷ್ಟ್ರೇ. ತಪ್ಪು ಗಾಡಿದಲ್ಲ. ಆರು ವರ್ಷ ಕೂತವರದ್ದು.”

ಬೀದಿಯೆಲ್ಲ ನಕ್ಷೆಗಾರನ ಕಡೆ ತಿರುಗಿತು, ಹೆಂಡತಿಯೂ ಸೇರಿ. ಅವನ ಹತ್ತಿರ ಸಾಕ್ಷಿಯಿತ್ತು. ಒಳಗೆ ಹೋಗಿ ಕಾಗದದ ಸುರುಳಿ ತಂದು ಮಾವನ ಕೈಗಿಟ್ಟ. “ಇದನ್ನ ಬದಲಾಯಿಸಿದ್ವಿ ಮಾವ.”

ಮಾವ ಬಿಚ್ಚಿದರು. ದಾರದಣ್ಣನಂಥ ದಾರದಣ್ಣನಿಗೆ ಗಾಜಿನ ಹಲಗೆ ಬೇಕಾಗಿದ್ದ ಆ ಬಾಗನ್ನು ಅವರ ಹೆಬ್ಬೆರಳು ಹುಡುಕಲೇ ಇಲ್ಲ. ಸೀದಾ ಅಲ್ಲಿಗೇ ಹೋಗಿ ಕೂತಿತು. ಅವರ ಕಿವಿ ನಿಧಾನವಾಗಿ ಕೆಂಪಾಯಿತು. ಅಳಿಯನನ್ನು ಗೋಡೆಯ ಪಕ್ಕಕ್ಕೆ ಕರೆದು ದನಿ ತಗ್ಗಿಸಿದರು.

“ಆ ಮೆಕ್ಯಾನಿಕ್ ಇದರ ಬಗ್ಗೆ ಏನಾದ್ರೂ ಹೇಳಿದ್ನಾ?”

ನಕ್ಷೆಗಾರ ಆ ಮುಖ ನೋಡಿದ. ಅರ್ಧ ಊರಿಗೆ ಬೀಳದಿರಲು ಕಲಿಸಿದ ಮುಖ. ಅಷ್ಟು ವರ್ಷ ಆ ಬಾಗಿನ ಮೇಲೆ ಕೂತು, ಯಾರಿಗೂ ಗೊತ್ತಾಗದ ಹಾಗೆ ನೆಟ್ಟಗೆ ಓಡಿಸಿದ್ದು ಕಡಿಮೆ ವಿದ್ಯೆಯೇನಲ್ಲ.

“ಇಲ್ಲ ಮಾವ. ಏನೂ ಹೇಳಲಿಲ್ಲ.”

“ಒಳ್ಳೆ ಮೆಕ್ಯಾನಿಕ್” ಎಂದರು ಮಾವ. ಆಮೇಲೆ ಬೀದಿಗೆಲ್ಲ ಕೇಳುವಂತೆ, “ಹೋಗಿ, ಇದನ್ನೇ ವಾಪಸ್ ಹಾಕಿಸ್ಕೊಂಡು ಬನ್ನಿ. ಒಂದು ತಿಂಗಳು ಇರ್ತೀನಿ, ದಿನಾ ಓಡಿಸ್ಬೇಕು ನಾನು” ಎಂದರು.

ದಾರದಣ್ಣನ ಅಂಗಡಿಯ ಗೋಡೆಯಲ್ಲಿ ಎರಡು ಸ್ಪ್ಯಾನರುಗಳ ಜಾಗ ಖಾಲಿಯಿತ್ತು. ಅವು ನೆಲದ ಮೇಲೆ, ಒರೆಸಿದ ಬಟ್ಟೆಯಲ್ಲಿ, ತಯಾರಾಗಿ ಮಲಗಿದ್ದವು. ದಾರದಣ್ಣ ಬೀದಿಯ ಕಡೆಗೇ ಮುಖ ಮಾಡಿ ಸ್ಟೂಲಿನ ಮೇಲೆ ಕೂತಿದ್ದ.

“ಬನ್ನಿ ಸಾರ್” ಎಂದ. “ಅರ್ಧ ಗಂಟೆ ಕೆಲಸ.”

ಅರ್ಧ ಗಂಟೆಗೆ ಒಂದು ನಿಮಿಷ ಹೆಚ್ಚಾಗಲಿಲ್ಲ. ನಕ್ಷೆಗಾರ ಗಾಡಿ ಹತ್ತಿ ಮನೆಯ ಕಡೆ ತಿರುಗಿಸಿದ.

“ಎಲ್ಲಿಗೆ ಹೊರಟ್ರಿ?” ಎಂದ ದಾರದಣ್ಣ. “ಮೈದಾನ ಆ ಕಡೆ. ಹತ್ತು ಸುತ್ತು.”

ಮೊದಲ ಸುತ್ತಿನಲ್ಲೇ ಗಾಡಿ ಗೋಲಿನ ಎಡಗಂಬದ ಕಡೆ ಹೊರಟಿತು. ನಕ್ಷೆಗಾರ ಎರಡೂ ಕೈಯಲ್ಲಿ ಹ್ಯಾಂಡಲ್ಲನ್ನು ಬಲಕ್ಕೆ ಹಿಡಿದು ಹಲ್ಲು ಕಚ್ಚಿದ. ಅದೇ ಹೊತ್ತಿಗೆ ಮೂಗಿನ ತುದಿ ಕಡಿಯತೊಡಗಿತು.